ಸಿನಿಮಾದಲ್ಲಿ ಇಲ್ಲದ ತಮ್ಮ

ಮಾರ್ಚ್ 4

ತಮ್ಮನಿಗೆ,

ನೀನು ಚೆನ್ನಾಗಿದ್ದೀಯ ಅನ್ನುವುದು ಊರ ಗೋಡೆಗಳ ಮೇಲಿನ ಪೋಸ್ಟರ್ ನೋಡಿದರೇ ಗೊತ್ತಾಗುತ್ತದೆ, ಹಾಗಾಗಿ ಕೇಳುವುದಿಲ್ಲ. ನಾನು ಚೆನ್ನಾಗಿಲ್ಲ. ನಿನ್ನೆ ಮ್ಯಾಟಿನಿಗೆ ಹೋಗಿ ನಿನ್ನ 'ತೂಕ ತಪ್ಪಿದ ಶ್ರೀಮತಿ' ನೋಡಿ ಬಂದೆ. ಫೋನ್ ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಾದರೆ ನೀನು ಎರಡೇ ನಿಮಿಷದಲ್ಲಿ ನನ್ನನ್ನು ನಗಿಸಿ ಮಾತು ಹಾರಿಸಿಬಿಡುತ್ತೀಯ. ಏನಿದ್ದರೂ ಬರೆದು ಕಳಿಸು.

ಪಕ್ಕದ ಅಂಗಡಿಯ ಟೈಲರಮ್ಮ ಟಿಕೆಟ್ ತಂದಿದ್ದರು. "ನಿಮ್ಮ ತಮ್ಮ ಬರೆದಿದ್ದಂತೆ, ತಕ್ಕಡಿ ರಿಪೇರಿ ಮಾಡೋ ಹೆಂಗಸಿನ ಕಥೆಯಂತೆ. ನಿಮ್ಮದಲ್ಲದೆ ಇನ್ಯಾರದು?" ಅಂದರು. ನಾನೂ ಮೊದ್ದು ಮುಂಡೇದು, ಅಂಗಡಿ ಅರ್ಧ ದಿನ ಮುಚ್ಚಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದೆ.

ಮೊದಲರ್ಧ ನನ್ನದೇ. ನಲವತ್ತೊಂದನೇ ವಯಸ್ಸಿಗೆ ಮನೆ ಬಿಟ್ಟು ಬರುತ್ತಾಳೆ, ಅಪ್ಪ ಸತ್ತ ಮೇಲೆ ಮುಚ್ಚಿದ್ದ ಅಂಗಡಿಯ ಬಾಗಿಲು ಎಳೆಯುತ್ತಾಳೆ, ಧೂಳಿಗೆ ಮೂರು ಸಲ ಸೀನುತ್ತಾಳೆ. ಆಮೇಲೆ ತೂಕದ ಬಟ್ಟು ತಿಕ್ಕುತ್ತಾಳೆ.

ಅದನ್ನು ನಾನು ನಿನ್ನೊಬ್ಬನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಪ್ಪನ ಹಿತ್ತಾಳೆಯ ಮಾದರಿ ಬಟ್ಟುಗಳು ಕಪ್ಪಿಟ್ಟಿವೆ ಅಂತ, ಹತ್ತೊಂಬತ್ತು ವರ್ಷ ಪಾತ್ರೆ ಉಜ್ಜಿದ ಕೈ ನೋಡು, ಬೂದಿ, ನಿಂಬೆ ಸಿಪ್ಪೆ ಹಾಕಿ ಫಳಫಳ ಅನ್ನುವ ಹಾಗೆ ತಿಕ್ಕಿಟ್ಟಿದ್ದೆ. ತಿಕ್ಕಿದರೆ ಲೋಹ ಸವೆಯುತ್ತದೆ, ತೂಕ ಇಳಿಯುತ್ತದೆ, ಅದಕ್ಕೆ ಹೋಲಿಸಿ ಸರಿಮಾಡಿದ ಅಂಗಡಿಗಳ ಬಟ್ಟುಗಳೆಲ್ಲ ತಪ್ಪುತ್ತವೆ. ಈ ಕಸುಬಿನವರು ಮಾದರಿ ಬಟ್ಟನ್ನು ಬರಿಗೈಯಲ್ಲಿ ಮುಟ್ಟುವುದೂ ಇಲ್ಲ. ಗೊತ್ತಾದ ದಿನ ನಾಚಿಕೆಯಿಂದ ಸತ್ತು, ಅತ್ತು, ಎಲ್ಲ ಸರಿಮಾಡಿದ ಮೇಲೆ ನಿನಗೆ ಬರೆದಿದ್ದೆ. ನಿನ್ನ ನಾಯಕಿ ಅದನ್ನು ಸೊಂಟ ಕುಣಿಸಿಕೊಂಡು, ಹಾಡು ಹೇಳಿಕೊಂಡು ತಿಕ್ಕುತ್ತಾಳೆ. ಥಿಯೇಟರೇ ಬಿದ್ದುಹೋಗುವ ಹಾಗೆ ನಕ್ಕರು. ಹೇಳಿಬಿಡುತ್ತೇನೆ, ಒಂದು ಕ್ಷಣ ನಾನೂ ನಕ್ಕೆ. ಅದಕ್ಕೇ ಇನ್ನೂ ಹೆಚ್ಚು ಮೈ ಉರಿಯುತ್ತಿದೆ.

ಇಂಟರ್ವಲ್ ಆದಮೇಲೆ ಗಂಡ ಬರುತ್ತಾನೆ. ಅವಳು ಊಟಕ್ಕೆ ಹೋದಾಗಲೆಲ್ಲ ನಕಲಿ ಬೀಗದ ಕೈ ಹಾಕಿ ಒಳಗೆ ಬಂದು, ಅವಳು ಕೆಡಿಸಿದ್ದನ್ನೆಲ್ಲ ಸದ್ದಿಲ್ಲದೆ ಸರಿಮಾಡಿ ಹೋಗುತ್ತಾನೆ. ಕೊನೆಗೆ ಅವಳಿಗೆ ತಿಳಿಯುತ್ತದೆ. ಕಣ್ಣೀರು. ದೊಡ್ಡ ತಕ್ಕಡಿಯ ಆ ತಟ್ಟೆಯಲ್ಲಿ ಅವನು, ಈ ತಟ್ಟೆಯಲ್ಲಿ ಅವಳು, ಮುಳ್ಳು ನೆಟ್ಟಗೆ ನಿಲ್ಲುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ. ಆ ನಟನ ಹೊಟ್ಟೆಗೂ ಅವಳ ಮೈಗೂ ಮುಳ್ಳು ನೆಟ್ಟಗೆ ನಿಂತರೆ ಆ ತಕ್ಕಡಿಯನ್ನು ಮೊದಲು ನನ್ನ ಹತ್ತಿರ ತರಬೇಕು.

ಹನ್ನೊಂದು ಅಂಗಡಿಗೆ ನಡೆದುಕೊಂಡು ಹೋಗಿ, "ನನ್ನ ತಪ್ಪಾಗಿದೆ, ಬಟ್ಟು ವಾಪಸ್ ಕೊಡಿ" ಅಂದವಳು ನಾನು. ನಿನ್ನ ಭಾವ ಈ ಅಂಗಡಿಯ ಮೆಟ್ಟಿಲನ್ನೂ ತುಳಿದಿಲ್ಲ. ಅವನನ್ನು ಯಾಕೆ ತಂದೆ? ಇದಕ್ಕೆ ಉತ್ತರ ಬೇಕು.

ಸಿಟ್ಟಿನಲ್ಲೇ ಮುಗಿಸುತ್ತೇನೆ,
ಅಕ್ಕ


ಮಾರ್ಚ್ 12

ಅಕ್ಕ,

ನೀನು ಬೈದು ಬರೆದರೂ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೇ ಇದೆ. ಎರಡು ಸಲ ಓದಿದೆ.

ಅದು ತಮಾಷೆ ಸಿನಿಮಾ ಅಕ್ಕ. ಜನ ನಕ್ಕಿದ್ದು ನಿನ್ನನ್ನು ನೋಡಿಯಲ್ಲ, ನಿನ್ನ ಜೊತೆ. ಆ ಹೆಂಗಸನ್ನು ಎಷ್ಟು ಇಷ್ಟಪಟ್ಟಿದ್ದಾರೆ ಗೊತ್ತಾ? ಇಲ್ಲಿ ಕಾಲೇಜು ಹುಡುಗಿಯರು ಅವಳ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ.

ಭಾವನ ವಿಷಯ. ಆ ನಟ ದೊಡ್ಡವನು, ಮೂರು ದೃಶ್ಯದ ಪಾತ್ರ ಮಾಡಲು ಒಪ್ಪುತ್ತಾನಾ? ಅವನಿಗೆ ಕೆಲಸ ಕೊಡಬೇಕಿತ್ತು, ಕೊಟ್ಟೆ. ನಿರ್ಮಾಪಕರು ಮೊದಲ ದಿನವೇ ಹೇಳಿದ್ದರು, "ಮನೆ ಬಿಟ್ಟು ಹೋಗಲಿ, ನಮ್ಮದೇನೂ ಅಭ್ಯಂತರ ಇಲ್ಲ, ಆದರೆ ಜನ ಮನೆಗೆ ಹೋಗೋ ಹೊತ್ತಿಗೆ ಅವಳೂ ಮನೆಗೆ ಹೋಗಿರಬೇಕು." ನಾನು ಅಂಗಡಿಯನ್ನಾದರೂ ಉಳಿಸಿದೆ. ಅದಕ್ಕೆಷ್ಟು ಜಗಳ ಆಡಿದ್ದೇನೆ ನಿನಗೇನು ಗೊತ್ತು.

ಎರಡನೇ ಭಾಗದ ಮಾತೂ ನಡೆದಿದೆ. ಅದರಲ್ಲಿ ಅವಳನ್ನೇ ಗೆಲ್ಲಿಸಿಬಿಡೋಣ, ನಿನ್ನಾಣೆ. ಸಿಟ್ಟು ಇಳಿಸು, ಸಕ್ಕರೆ ಜಾಸ್ತಿ ಹಾಕಿ ಕಾಫಿ ಕುಡಿ.

ಕಿವಿ ಹಿಂಡಿಸಿಕೊಳ್ಳಲು ಸಿದ್ಧನಾದ,
ತಮ್ಮ


ಮಾರ್ಚ್ 29

ತಮ್ಮಾ,

ಕಾಫಿ ಕುಡಿದೆ. ಸಿಟ್ಟು ಇಳಿಯಲಿಲ್ಲ.

ವಾರಪತ್ರಿಕೆಯವರಿಗೆ "ಇದು ನಮ್ಮಕ್ಕನ ನಿಜ ಜೀವನದ ಕಥೆ" ಅಂದೆಯಂತೆ. ಟೈಲರಮ್ಮ ತಂದು ತೋರಿಸಿದರು. ಈಗ ಆಗಿರುವುದನ್ನು ಕೇಳು. ತೂಕ-ಅಳತೆ ಇಲಾಖೆಗೆ ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದಾರೆ: ಈ ಹೆಂಗಸು ರಿಪೇರಿ ಮಾಡಿದ ತಕ್ಕಡಿಗಳನ್ನು ನಂಬುವ ಹಾಗಿಲ್ಲ, ಸಿನಿಮಾದಲ್ಲೇ ತೋರಿಸಿದ್ದಾರೆ ಅಂತ. ಈ ವರ್ಷ ನನ್ನ ಲೈಸೆನ್ಸ್ ನವೀಕರಣವೂ ಬಂದಿದೆ. ಇನ್ಸ್‌ಪೆಕ್ಟರ್ ಕರೆಸಿದ್ದರು. ಬಟ್ಟು ತಿಕ್ಕಿದ್ದು ನಿಜವಾ ಅಂದರು. ನಿಜ ಅಂದೆ, ಸುಳ್ಳು ಯಾಕೆ ಹೇಳಲಿ. ಸರಿಮಾಡಿದ್ದು ಯಾರು ಅಂದರು. ನಾನೇ, ಯಾರೂ ದೂರು ಕೊಡುವ ಮೊದಲೇ, ಅಂದೆ. "ಅದಕ್ಕೇನಾದರೂ ದಾಖಲೆ ಇದೆಯಾಮ್ಮ?" ಅಂತ ಕೇಳಿ ಪಕ್ಕದ ಗುಮಾಸ್ತನ ಕಡೆ ನೋಡಿ ತುಟಿ ಕಚ್ಚಿಕೊಂಡರು. ನಗು ತಡೆಯುತ್ತಿದ್ದರು. ಆ ಕಚೇರಿಯಲ್ಲಿ ಸಿನಿಮಾ ನೋಡದವರು ಒಬ್ಬರೂ ಇಲ್ಲ.

ಸಾಕ್ಷಿಗೆ ಅಂತ ಔಷಧಿ ಅಂಗಡಿಯವರ ಹತ್ತಿರ ಹೋದೆ. ಆ ಹನ್ನೊಂದು ಅಂಗಡಿಯಲ್ಲಿ ಮೊದಲನೆಯದು ಅವರದು, ಅವರ ಮುಂದೆ ನಿಂತು ತಪ್ಪು ಒಪ್ಪಿಕೊಂಡಿದ್ದೆ. ಅವರೇನಂದರು ಗೊತ್ತಾ? "ಹೌದು ಹೌದು, ಜ್ಞಾಪಕ ಇದೆ, ನಿಮ್ಮ ಯಜಮಾನರು ಬಂದು ಬೇರೆ ಬಟ್ಟು ಇಟ್ಟು ಹೋದರಲ್ಲ." ಬೇಕಂತ ಹೇಳಿದ್ದಲ್ಲ. ಅವರಿಗೆ ಹಾಗೇ ಜ್ಞಾಪಕವಿದೆ. ನನ್ನ ಕೈಯಿಂದ ಬಟ್ಟು ತೆಗೆದುಕೊಂಡ ಮನುಷ್ಯನ ತಲೆಯೊಳಗಿಂದ ನನ್ನನ್ನು ಕಿತ್ತು ನಿನ್ನ ನಟನನ್ನು ಕೂರಿಸಿದ್ದೀಯ. ನಿನ್ನ ಭಾವನೂ ಈಗ ಕಂಡಕಂಡವರ ಮುಂದೆ ತಲೆತಗ್ಗಿಸಿ ನಗುತ್ತಾನಂತೆ, ಅಲ್ಲ ಅನ್ನುವುದಿಲ್ಲವಂತೆ.

ಅವನು ಕೆಟ್ಟವನಲ್ಲ ಅಂತ ನೀನು ಯಾವಾಗಲೂ ಹೇಳುತ್ತೀಯ. ಹೊಡೆಯಲಿಲ್ಲ, ಕುಡಿಯಲಿಲ್ಲ, ನಿಜ. ನಾನು ಬೀಗ ಹಾಕಿದರೆ ಬಂದು ಎಳೆದು ನೋಡುತ್ತಿದ್ದ. ಮಡಿಸಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಿಸುತ್ತಿದ್ದ. ಒಲೆ ಆರಿಸಿ ಬಂದರೆ ಎದ್ದು ಹೋಗಿ ನೋಡಿಕೊಂಡು ಬರುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ ಒಂದು ಕೆಲಸವೂ ನಾನು ಮಾಡಿದಲ್ಲಿಗೆ ಮುಗಿಯಲಿಲ್ಲ. ಅದನ್ನು ತಡೆಯಲಾರದೆ ಬಂದೆ. ನೀನು ಅದನ್ನೇ ಪ್ರೀತಿ ಅಂತ ತೋರಿಸಿ ಶಿಳ್ಳೆ ಹೊಡೆಸಿದೆ.

ಇನ್ನೊಂದು. ನಿನ್ನ ಸಿನಿಮಾದಲ್ಲಿ ನಾಯಕಿಗೆ ತಮ್ಮನೇ ಇಲ್ಲ. ಗಮನಿಸಿದೆ. ನಾನು ಮೊದಲ ಸಲ ಪೆಟ್ಟಿಗೆ ಹಿಡಿದು ಬಂದದ್ದು ನಿನ್ನ ಮನೆಗೆ. ನಾಲ್ಕು ದಿನ ಇಟ್ಟುಕೊಂಡೆ. ಐದನೇ ದಿನ ಬೆಳಿಗ್ಗೆ ಪೆಟ್ಟಿಗೆ ನೀನೇ ಎತ್ತಿ ಟ್ಯಾಕ್ಸಿಗೆ ಹಾಕಿ, ಅವನ ಮನೆಯ ಗಂಟೆ ನೀನೇ ಒತ್ತಿ, "ಏನೋ ಕೋಪದಲ್ಲಿ ಬಂದಿದ್ದಳು ಭಾವ, ಈಗ ಸರಿಹೋಗಿದ್ದಾಳೆ" ಅಂದೆ. ಮತ್ತೆ ಹೊರಡಲು ನನಗೆ ಮೂರು ತಿಂಗಳು ಬೇಕಾಯಿತು. ಆ ಸಲ ನೇರವಾಗಿ ಅಂಗಡಿಗೇ ಬಂದೆ. ಧೂಳು, ಸೀನು ಎಲ್ಲಾ ನೆನಪಿಟ್ಟವನಿಗೆ ಇದೊಂದು ಮರೆತುಹೋಯಿತಾ?

ನನ್ನ ಆ ಹಳೆಯ ಕಾಗದ ನಿನ್ನ ಹತ್ತಿರ ಇದೆ. ಮೇಲೆ ತಾರೀಖು ಇದೆ, ಲಕೋಟೆಗೆ ಅಂಚೆ ಮುದ್ರೆ ಇದೆ, ನಾನೇ ಹೋಗಿ ಸರಿಮಾಡಿದ ಹನ್ನೊಂದು ಅಂಗಡಿಗಳ ಹೆಸರೂ ಇದೆ. ಅದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು. ಮೇ 15ಕ್ಕೆ ವಿಚಾರಣೆ. ಲೈಸೆನ್ಸ್ ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ನಾನು ಎಲ್ಲಿಗೆ ಹೋಗಬೇಕು ಅನ್ನುವುದು ನಿನಗೆ ಗೊತ್ತಿದೆ. ನಿನ್ನ ಸಿನಿಮಾದ ಕೊನೆಯ ದೃಶ್ಯಕ್ಕೆ.

ಕಾಗದಕ್ಕೆ ಕಾಯುತ್ತಾ,
ಅಕ್ಕ


ಏಪ್ರಿಲ್ 20

ಅಕ್ಕ,

ತಡವಾಯಿತು, ಬೈಯಬೇಡ. ಮನೆ ಬದಲಾಯಿಸಿದಾಗ ಹಳೇ ಕಾಗದಪತ್ರದ ಡಬ್ಬಗಳು ಎಲ್ಲೆಲ್ಲೋ ಸೇರಿಕೊಂಡಿವೆ. ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಸಿಕ್ಕರೂ ಒಂದು ಯೋಚನೆ ಮಾಡು. ಆ ಕಾಗದ ಕಚೇರಿಗೆ ಹೋದರೆ ಪತ್ರಿಕೆಗೆ ಹೋದ ಹಾಗೆ. 'ನಿಜ ಜೀವನದ ಕಥೆ' ಅಂತ ಪೋಸ್ಟರ್ ಮೇಲೆ ಹಾಕಿದ್ದಾರೆ. ಅಲ್ಲ ಅಂತಾದರೆ ನಿರ್ಮಾಪಕರು ನನ್ನನ್ನು ಇನ್ನೊಂದು ಸಲ ಒಳಗೆ ಬಿಡುವುದಿಲ್ಲ. ಬೇರೆ ದಾರಿ ಇದ್ದೇ ಇರುತ್ತದೆ. ಇನ್ಸ್‌ಪೆಕ್ಟರ್‌ಗೆ ಹೇಳಿಸುವವರು ಯಾರಾದರೂ ಸಿಗುತ್ತಾರಾ ನೋಡುತ್ತೇನೆ.

ತಮ್ಮ


ಏಪ್ರಿಲ್ 26

ಬಸ್ ಟಿಕೆಟ್ಟನ್ನೂ ಎಸೆಯದೆ ಪುಸ್ತಕದೊಳಗೆ ಇಡುವವನು ನೀನು. ಕಾಗದ ಕಳೆದಿದೆ ಅಂತ ನನಗೆ ಹೇಳುತ್ತೀಯಾ? ಅದನ್ನು ಮುಂದಿಟ್ಟುಕೊಂಡೇ ಸಿನಿಮಾ ಬರೆದಿದ್ದೀಯ. ನಾನು ಬರೆದ ಮಾತುಗಳು ಪದಕ್ಕೆ ಪದ ಆ ನಟಿಯ ಬಾಯಲ್ಲಿ ಬಂದಿವೆ.

ಹೇಳಿಸುವವರು ಯಾರೂ ಬೇಡ. ಕಾಗದ ಕಳಿಸು. ಇಲ್ಲದಿದ್ದರೆ ಕಳಿಸುವುದಿಲ್ಲ ಅಂತ ನೆಟ್ಟಗೆ ಬರೆ. ಎರಡರಲ್ಲಿ ಒಂದು.

ಅಕ್ಕ


ಮೇ 11

ಅಕ್ಕ,

ಕಳೆದಿರಲಿಲ್ಲ. ಮೇಜಿನ ಮೊದಲ ಡ್ರಾಯರ್‌ನಲ್ಲೇ ಇತ್ತು. ಸುಳ್ಳು ಹೇಳಿದೆ, ತಪ್ಪಾಯಿತು.

ಮೊದಲು ಬರೆದದ್ದರಲ್ಲಿ ತಮ್ಮ ಇದ್ದ. ಟ್ಯಾಕ್ಸಿಯ ದೃಶ್ಯವನ್ನು ನಾಲ್ಕು ಸಲ ಬರೆದೆ. ತಮಾಷೆ ಮಾಡಲು ನೋಡಿದೆ, ಪೆಟ್ಟಿಗೆಯ ಮುಚ್ಚಳ ಬಿಚ್ಚಿಕೊಂಡು ಬಟ್ಟೆ ರಸ್ತೆಗೆ ಬೀಳುವ ಹಾಗೆಲ್ಲ ಬರೆದೆ. ಹೇಗೆ ಬರೆದರೂ ಕೊನೆಯಲ್ಲಿ ಆ ಹುಡುಗ ಹೇಡಿಯ ಹಾಗೇ ಕಾಣುತ್ತಿದ್ದ. ತೆಗೆದುಹಾಕಿದೆ. ಆಮೇಲೆ ಗಂಡನನ್ನು ಒಳ್ಳೆಯವನನ್ನಾಗಿ ಮಾಡುತ್ತಾ ಹೋದೆ. ಅವನು ಒಳ್ಳೆಯವನಾದಷ್ಟೂ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಅಂಥವನ ಮನೆಗೇ ತಾನೇ ಅಕ್ಕನನ್ನು ಬಿಟ್ಟು ಬಂದದ್ದು, ಅದರಲ್ಲೇನು ತಪ್ಪು ಅನ್ನಿಸುತ್ತಿತ್ತು. ನಿರ್ಮಾಪಕರು, ದೊಡ್ಡ ನಟ ಎಲ್ಲಾ ಆಮೇಲಿನ ಮಾತು.

ಈಗ ಸಂತೋಷದ ಸುದ್ದಿ. ನಿನ್ನೆ ನಾನೇ ನಿಮ್ಮೂರಿಗೆ ಬಂದು ಕಚೇರಿಗೆ ಹೋಗಿದ್ದೆ. ನಿನಗೆ ಮುಖ ತೋರಿಸುವ ಧೈರ್ಯ ಬರಲಿಲ್ಲ, ಹಾಗೇ ವಾಪಸಾದೆ. ಕಾಗದ ಕೊಟ್ಟೆ, ದ್ವಿತೀಯಾರ್ಧ ನನ್ನ ಕಲ್ಪನೆ ಅಂತ ಹೇಳಿಕೆಯನ್ನೂ ಬರೆದುಕೊಟ್ಟೆ. ಎರಡನೇ ಭಾಗ ನನ್ನ ಕೈ ತಪ್ಪುತ್ತದೆ, ಹೋಗಲಿ. ಇನ್ಸ್‌ಪೆಕ್ಟರ್ ಒಳ್ಳೆಯವರು. ಅರ್ಜಿಯಲ್ಲಿ ಮೇಲ್ವಿಚಾರಕರು ಅಂತ ಒಂದು ಕಾಲಂ ಇದೆಯಂತೆ, ಮನೆಯ ಗಂಡಸರು ಯಾರಾದರೂ ಜವಾಬ್ದಾರಿ ತೆಗೆದುಕೊಂಡರೆ ಪರೀಕ್ಷೆ ಏನೂ ಬೇಡ, ನೇರ ಕೊಟ್ಟುಬಿಡುತ್ತೇನೆ ಅಂದರು. ನಾನೇ ಸಹಿ ಹಾಕಿದೆ. ಬರೀ ಹೆಸರಿಗೆ. 15ಕ್ಕೆ ಹೋಗಿ ಲೈಸೆನ್ಸ್ ತೆಗೆದುಕೊಂಡು ಬಾ.

ಒಂದು ಸಲವಾದರೂ ನಿನ್ನ ಪರ ನಿಂತೆ ಅಂದುಕೊಳ್ಳುವ,
ತಮ್ಮ


ಮೇ 17

ತಮ್ಮಾ,

ನಿನ್ನ ಕಾಗದ ಸಿಕ್ಕಿದ್ದು ನಿನ್ನೆ. ಮೊನ್ನೆ ಏನೂ ಗೊತ್ತಿಲ್ಲದೆ, ಎರಡು ಪೆಟ್ಟಿಗೆ ಬಟ್ಟು, ಸಾಣೆ, ಚಿಮಟ, ಅಪ್ಪನ ಹಳೇ ತಕ್ಕಡಿ ಎಲ್ಲಾ ಕೈಗಾಡಿಯಲ್ಲಿ ಹಾಕಿಕೊಂಡು ಕಚೇರಿಗೆ ಹೋಗಿದ್ದೆ. ಬೇಕಾದರೆ ನನ್ನ ಕೈಯಲ್ಲಿ ಮಾಡಿಸಿ ನೋಡಿ ಅನ್ನೋಣ ಅಂತ. ಎರಡು ವಾರದಿಂದ ಅದಕ್ಕೇ ಕೈ ಪಳಗಿಸುತ್ತಿದ್ದೆ.

ಇನ್ಸ್‌ಪೆಕ್ಟರ್ ಎದ್ದು ಕುರ್ಚಿ ಹಾಕಿಸಿದರು. "ಇದನ್ನೆಲ್ಲ ಯಾಕಮ್ಮ ಹೊತ್ಕೊಂಡು ಬಂದ್ರಿ? ನಿಮ್ಮ ತಮ್ಮ ಬಂದು ಎಲ್ಲಾ ಮುಗಿಸಿ ಹೋಗಿದ್ದಾರೆ" ಅಂತ ಲೈಸೆನ್ಸ್ ಕೈಗೆ ಕೊಟ್ಟರು. ನನ್ನ ಹೆಸರು, ಅದರ ಕೆಳಗೆ ನಿನ್ನ ಹೆಸರು. ತಕ್ಕಡಿಯ ಮುಳ್ಳು ಯಾವ ಕಡೆ ವಾಲಿದರೆ ಏನರ್ಥ ಅನ್ನುವುದೂ ಗೊತ್ತಿಲ್ಲದ ನೀನು ನನ್ನ ಮೇಲ್ವಿಚಾರಕ!

ನಿನ್ನ ಸಿನಿಮಾದ ಗಂಡ ಏನು ಮಾಡಿದನೋ ಅದನ್ನೇ ನೀನೂ ಮಾಡಿದೆಯಲ್ಲೋ. ನನಗೆ ಗೊತ್ತಿಲ್ಲದ ಹಾಗೆ ಬಂದೆ, ನನ್ನ ಕೆಲಸ ನೀನು ಮುಗಿಸಿದೆ, ಸದ್ದಿಲ್ಲದೆ ಹೋದೆ. ಅಷ್ಟೆಲ್ಲ ಬರೆದು, ತಪ್ಪು ಒಪ್ಪಿಕೊಂಡು, ಅದೇ ಕಾಗದದ ಕೆಳಗೆ ಸಂತೋಷದ ಸುದ್ದಿ ಅಂತ ಇದನ್ನು ಬರೆದಿದ್ದೀಯಲ್ಲ, ಬರೆಯುವಾಗ ಕೈ ಒಂದು ಸಲವಾದರೂ ತಡೆಯಲಿಲ್ಲವಾ? ನಾನು ಕೇಳಿದ್ದು ಒಂದು ಕಾಗದ. ನಿನ್ನ ನೆರಳನ್ನಲ್ಲ.

ನಿನ್ನ ಹೇಳಿಕೆಯನ್ನೂ ಕೇಳಿ ತೆಗೆಸಿಕೊಂಡು ಓದಿದೆ. "ನನ್ನ ಅಕ್ಕ ಪಾಪ, ಪ್ರಾಮಾಣಿಕಳು" ಅಂತ ಬರೆದಿದ್ದೀಯ. ಗುಮಾಸ್ತನ ಕೈಗೆ ಪೆನ್ನು ಕೊಟ್ಟು 'ಪಾಪ' ಹೊಡೆದು ಹಾಕಿ ಅಂದೆ. ಹಾಗೆಲ್ಲ ತಿದ್ದುವಂತಿಲ್ಲ ಅಂದ. ಹಾಗಿದ್ದರೆ ಇದನ್ನೂ ನೀವೇ ಇಟ್ಟುಕೊಳ್ಳಿ ಅಂತ ಲೈಸೆನ್ಸನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಕೈಗಾಡಿ ತಳ್ಳಿಕೊಂಡು ಹೋಗುವಾಗ ಇಡೀ ಕಚೇರಿ ಕಿಟಕಿಗೆ ಬಂದು ನಿಂತಿತ್ತು. ಅವರಿಗೆ ಅದೂ ಸಿನಿಮಾವೇ.

ಈಗ ಅಂಗಡಿ ಮುಚ್ಚಿದೆ. ಲೈಸೆನ್ಸ್ ಇಲ್ಲದೆ ಯಾರದಾದರೂ ತಕ್ಕಡಿ ಮುಟ್ಟಿದರೆ ಅಪರಾಧ. ಟೈಲರಮ್ಮನ ಹತ್ತಿರ ಕಾಜಾ ಹೊಲಿದುಕೊಂಡು ಕೂತಿದ್ದೇನೆ. ಅವರೂ ನನಗೆ ಹುಚ್ಚು ಅನ್ನುತ್ತಿದ್ದಾರೆ.

ನೀನು ಮಾಡಬೇಕಾದ್ದು ಇಷ್ಟೇ. ಬಾ, ಹಾಕಿದ ಸಹಿ ವಾಪಸ್ ತೆಗೆದುಕೋ. ಯಾವ ವಿವರಣೆಯನ್ನೂ ಕೊಡಬೇಡ. ನನ್ನ ಪರ ಒಂದು ಮಾತನ್ನೂ ಆಡಬೇಡ.

ಅಕ್ಕ


ಜೂನ್ 2

ಅಕ್ಕ,

ನಿನ್ನೆ ಬಂದಿದ್ದೆ. ಸಹಿ ತೆಗೆದೆ.

ಇನ್ಸ್‌ಪೆಕ್ಟರ್ ಅರ್ಥವಾಗದೆ ನೋಡಿದರು. "ಯಾಕ್ರೀ, ಅಕ್ಕನ ಮೇಲೆ ನಂಬಿಕೆ ಇಲ್ವಾ?" ಅಂದರು. ಉತ್ತರ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. "ನನಗೆ ತಕ್ಕಡಿ ಕೆಲಸ ಬರುವುದಿಲ್ಲ ಸಾರ್" ಅಂದೆ, ಅಷ್ಟೇ. ಹಾಗಾದರೆ ಪರೀಕ್ಷೆ ತೆಗೆದುಕೊಳ್ಳಲಿ, ಕಷ್ಟ ಇದೆ, ಫೇಲಾದರೆ ಐದು ವರ್ಷ ಅರ್ಜಿ ಹಾಕುವಂತಿಲ್ಲ ಅಂದರು. ಆಗಲೂ ಏನೂ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದಿಲ್ಲ.

ವಾಪಸ್ ಬರುವಾಗ ನಿನ್ನ ಅಂಗಡಿಯ ಎದುರಿನ ಫುಟ್‌ಪಾತ್‌ನಲ್ಲಿ ನಿಂತೆ. ಬೀಗ ಹಾಕಿತ್ತು. ನನ್ನಿಂದಲೇ ಅಂತ ಗೊತ್ತಾಯಿತು. ಎಳೆದು ನೋಡಲಿಲ್ಲ.

ಆ ಐದನೇ ದಿನ ಟ್ಯಾಕ್ಸಿಯಲ್ಲಿ ನೀನು ಒಂದು ಮಾತೂ ಆಡಲಿಲ್ಲ. ನೀನು ಒಪ್ಪಿದ್ದೀಯ ಅಂತಲೇ ಇಷ್ಟು ವರ್ಷ ಹೇಳಿಕೊಂಡು ಬಂದೆ, ನನಗೆ ನಾನೇ.

ತಮ್ಮ


ಜುಲೈ 9

ತಮ್ಮಾ,

ಒಪ್ಪಿರಲಿಲ್ಲ. ಬಾಯಿ ತೆಗೆದರೆ ಎಲ್ಲಿ ಅತ್ತುಬಿಡುತ್ತೇನೋ, ನೀನು ಎಲ್ಲಿ ಸಮಾಧಾನ ಮಾಡುತ್ತೀಯೋ ಅಂತ ಸುಮ್ಮನಿದ್ದೆ. ಇದಕ್ಕಿಂತ ಹೆಚ್ಚು ಆ ವಿಷಯ ಬರೆಯಲು ನನಗೆ ಮನಸ್ಸಿಲ್ಲ. ಸಿಟ್ಟು ಹೋಗಿದೆ ಅಂದುಕೊಳ್ಳಬೇಡ.

ಪರೀಕ್ಷೆ ಮೂರು ದಿನ ನಡೆಯಿತು. ಬೇಕಂತಲೇ ಕೆಡಿಸಿದ ಮೂರು ತಕ್ಕಡಿ ಕೊಟ್ಟರು, ಸರಿಮಾಡಿದೆ. ಕೊನೆಯ ದಿನ ಹನ್ನೆರಡು ಬಟ್ಟಿನ ಪೆಟ್ಟಿಗೆ ಮುಂದಿಟ್ಟು, ಇದರಲ್ಲಿ ಒಂದು ತಪ್ಪಿದೆ, ಹುಡುಕಿ ಅಂದರು. ನಾನು ಎರಡು ತೆಗೆದಿಟ್ಟೆ. "ಒಂದೇ ಅಮ್ಮ" ಅಂದರು. "ಎರಡು" ಅಂದೆ. ಗುಮಾಸ್ತ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಇನ್ಸ್‌ಪೆಕ್ಟರ್ ಬೀರುವಿನಿಂದ ಮೊಹರು ಮಾಡಿದ ಮಾದರಿ ಬಟ್ಟಿನ ಪೆಟ್ಟಿಗೆ ತರಿಸಿ ತಾವೇ ತೂಗಿದರು. ಇನ್ನೊಂದು ಸಲ ತೂಗಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ತೂಗಿದರು. ಆಮೇಲೆ ಸಹಿ ಹಾಕಿದರು. ಮೇಲ್ವಿಚಾರಕರ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆಯಿರಿ, ಖಾಲಿ ಬಿಡಬೇಡಿ ಅಂದೆ. ಎಳೆದರು.

ನೀನು ಅಂಗಡಿಗೆ ಬರಬಹುದು. ಬಾಗಿಲ ಹತ್ತಿರ ಸ್ಟೂಲ್ ಇದೆ, ಅದರ ಮೇಲೆ ಕೂರು. ಏನನ್ನೂ ಮುಟ್ಟಬೇಡ.

ಇವತ್ತು ಮಧ್ಯಾಹ್ನ ಒಬ್ಬಳು ಬಂದಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ಮೆಟ್ಟಿಲ ಕೆಳಗೇ ಬಹಳ ಹೊತ್ತು ನಿಂತಿದ್ದಳು. ತಕ್ಕಡಿ ತಂದಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದಳು. ನಿನ್ನ ಸಿನಿಮಾ ನೋಡಿದಳಂತೆ. ಇನ್ನೊಬ್ಬಳು ನಗುವುದಕ್ಕೆ ಬಂದಳು ಅಂತ ನನಗೆ ರೇಗಿಹೋಯಿತು, ಏನೋ ಒರಟಾಗಿ ಅಂದೆ. ಅವಳು ಹೋಗಲಿಲ್ಲ.

"ಪೂರ್ತಿ ನೋಡಲಿಲ್ಲ ಅಕ್ಕ. ಇಂಟರ್ವಲ್‌ಗೇ ಎದ್ದು ಬಂದೆ, ನಮ್ಮವರು ಮನೆಗೆ ಬರೋ ಹೊತ್ತಾಗಿತ್ತು. ಬಟ್ಟುಗಳನ್ನೆಲ್ಲ ತಿಕ್ಕಿ ಹಾಳು ಮಾಡ್ಕೊಂಡಳಲ್ಲ, ಅಲ್ಲೀತನಕ ನೋಡಿದೆ. ಆಮೇಲೆ ಏನಾಯ್ತು ಅಂತ ಯಾರನ್ನ ಕೇಳೋದು? ನೀವೇ ಅಂತೆ ಅವಳು. ಸರಿಮಾಡಿದಳಾ?"

"ಸರಿಮಾಡಿದಳು" ಅಂದೆ.

"ಅವಳೇನಾ?"

"ಅವಳೇ."

ಅವಳು ಮೆಟ್ಟಿಲು ಹತ್ತಿ ಒಳಗೆ ಬಂದಳು. ನಾಲ್ಕು ತಿಂಗಳಲ್ಲಿ ನಿನ್ನ ಸಿನಿಮಾ ನೋಡಿದ ಅಷ್ಟೂ ಜನದಲ್ಲಿ ನನ್ನ ಕಥೆ ಸರಿಯಾಗಿ ಗೊತ್ತಿರುವುದು ಇವಳೊಬ್ಬಳಿಗೇ. ನಾಳೆಯಿಂದ ಕೆಲಸ ಕಲಿಯಲು ಬರುತ್ತಾಳೆ.

ಅಕ್ಕ